ಸೆಕೆಂಡ್ ಕ್ಲಾಸಿನವಳ ಕಥೆ

ಮೇ ತಿಂಗಳ ಒಂದು ಸಂಜೆ, ನಮ್ಮ ಮನೆಗೆ ಹಾಲು ಕೊಡುವಾಕೆಯ ಮಗಳು ಒಂದು ಹಾಳೆ ಹಿಡಿದುಕೊಂಡು ಬಂದಳು. "ಆಂಟಿ, ಇದನ್ನೊಂಚೂರು ನೋಡಿ ತಿದ್ದಿಕೊಡ್ತೀರಾ?" ಎಂದಳು. ಬೆಂಗಳೂರಿನ ಒಂದು ಹೆಸರಾಂತ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತಿದ್ದಾಳಂತೆ. ನೀವು ಇಲ್ಲಿ ಏಕೆ ಓದಬಯಸುತ್ತೀರಿ, ಒಂದು ಪುಟದಲ್ಲಿ ಬರೆಯಿರಿ ಎಂದು ಅರ್ಜಿಯಲ್ಲಿ ಕೇಳಿದ್ದಾರೆ. ಪಿ.ಯು.ಸಿ. ವಿಜ್ಞಾನದಲ್ಲಿ ಅವಳಿಗೆ ಬಂದಿರುವುದು ನೂರಕ್ಕೆ 58. ಸೆಕೆಂಡ್ ಕ್ಲಾಸು. ಆ ವಿಶ್ವವಿದ್ಯಾಲಯಕ್ಕೆ ತೊಂಬತ್ತು ತೊಂಬತ್ತೈದು ಬಂದವರೂ ಸಾಲು ನಿಲ್ಲುತ್ತಾರೆ. ಅದು ಅವಳಿಗೂ ಗೊತ್ತು. ಗೊತ್ತಿದ್ದೂ ಅರ್ಜಿ ಹಾಕುತ್ತಿದ್ದಾಳೆ.

ಹಾಳೆ ಓದಿದೆ. ಅಕ್ಷರ ದುಂಡಗಿದೆ, ಕಾಗುಣಿತದ ತಪ್ಪು ಒಂದೂ ಇಲ್ಲ. ಅಂಕವೇ ಜೀವನವಲ್ಲ ಎಂದು ಮೊದಲಾಗುತ್ತದೆ. ಗಣಿತಜ್ಞ ರಾಮಾನುಜನ್ ಪರೀಕ್ಷೆಯಲ್ಲಿ ಫೇಲಾಗಿದ್ದರು, ಆರ್.ಕೆ. ನಾರಾಯಣ್ ಕೂಡ ಫೇಲಾಗಿದ್ದರು ಎಂದು ಮುಂದುವರಿಯುತ್ತದೆ. ನಡುವೆ ಒಂದು ಹಿಂದಿ ಸಿನಿಮಾದ ಹೆಸರು ಬರುತ್ತದೆ. ನನಗೆ ಚಿಕ್ಕಂದಿನಿಂದ ಪ್ರಕೃತಿಯೆಂದರೆ ಪ್ರಾಣ ಎಂಬ ಮಾತು ಬರುತ್ತದೆ. ಒಂದು ಅವಕಾಶ ಕೊಟ್ಟರೆ ನಾನೂ ಸಾಧಿಸಿ ತೋರಿಸುತ್ತೇನೆ ಎಂದು ಮುಗಿಯುತ್ತದೆ. ಇಂಥ ಬರಹಕ್ಕೆ ಶಾಲೆಯ ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ಬಂದೀತು. ಆದರೆ ಓದಿ ಮುಗಿಸಿದಾಗ ನನಗೆ ಬೇಸರವಾಯಿತು. ಅಷ್ಟುದ್ದದ ಪುಟದಲ್ಲಿ ಎಲ್ಲರೂ ಇದ್ದರು, ಈ ಹುಡುಗಿ ಮಾತ್ರ ಇರಲಿಲ್ಲ.

"ಇದನ್ನು ಎರಡು ದಿನ ನನ್ನ ಹತ್ತಿರ ಬಿಟ್ಟಿರು" ಎಂದೆ. ಅವಳನ್ನು ಬೈಯುವಂತಿಲ್ಲ. ನಾರಾಯಣರ ಪುಸ್ತಕವನ್ನು ಅವಳಿಗೆ ಓದಲು ಕೊಟ್ಟವಳೇ ನಾನು. ರಾಮಾನುಜನ್ ಕಥೆಯನ್ನು ಅವಳ ಮೇಷ್ಟ್ರು ಹೇಳಿದ್ದರು. ಸಿನಿಮಾವನ್ನು ಟೀವಿಯಲ್ಲಿ ಅವಳೂ ನೋಡಿದ್ದಳು, ನಾನೂ ನೋಡಿದ್ದೆ. ಅಂಕ ಕಡಿಮೆ ಬಂದ ಮಕ್ಕಳಿಗೆ ಸಮಾಧಾನ ಹೇಳಲು ನಮ್ಮ ಕೈಯಲ್ಲಿರುವ ಸರಕೆಲ್ಲ ಇಷ್ಟೇ. ಆ ಸರಕು ಎಷ್ಟು ಗಟ್ಟಿ ಎಂದು ನಾವು ಯಾವತ್ತಾದರೂ ತಟ್ಟಿ ನೋಡಿದ್ದೇವೆಯೇ? ಅವಳ ಪುಟವನ್ನು ಪಕ್ಕಕ್ಕಿಟ್ಟುಕೊಂಡು, ಅದು ಎಲ್ಲೆಲ್ಲಿಂದ ಸಾಲ ತಂದಿತ್ತೋ ಅವನ್ನೆಲ್ಲ ಮತ್ತೊಮ್ಮೆ ನೋಡಿದೆ.

ಮೊದಲು ರಾಮಾನುಜನ್. ಅವರು 1904ರಲ್ಲಿ ಕುಂಭಕೋಣದ ಸರ್ಕಾರಿ ಕಾಲೇಜಿಗೆ ಸೇರಿದರು. ಗಣಿತ ಬಿಟ್ಟು ಬೇರೆ ವಿಷಯ ಮುಟ್ಟದೆ ವಿದ್ಯಾರ್ಥಿವೇತನ ಕಳೆದುಕೊಂಡರು. ಆಮೇಲೆ ಮದ್ರಾಸಿನ ಪಚ್ಚೈಯಪ್ಪ ಕಾಲೇಜಿಗೆ ಹೋದರು, ಎಫ್.ಎ. ಪರೀಕ್ಷೆ ಪಾಸಾಗಲಿಲ್ಲ. 1913ರಲ್ಲಿ ಕೇಂಬ್ರಿಜ್‌ನ ಹಾರ್ಡಿಗೆ ಕಾಗದ ಬರೆದರು. ಅದೇ ವರ್ಷ ಮದ್ರಾಸ್ ವಿಶ್ವವಿದ್ಯಾಲಯ, ಪದವಿಯೇ ಇಲ್ಲದ ಅವರಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಟ್ಟಿತು. 1914ರಲ್ಲಿ ಟ್ರಿನಿಟಿ ಕಾಲೇಜು ಅವರನ್ನು ಕರೆಸಿಕೊಂಡಿತು. ಇದೆಲ್ಲ ನಿಜ, ಕೇಳಲು ರೋಮಾಂಚನ. ಆದರೆ ಇದು ಅಂಕ ಕಡಿಮೆ ಬಂದವನ ಕಥೆಯಲ್ಲ, ನೂರಾರು ವರ್ಷಕ್ಕೊಬ್ಬ ಹುಟ್ಟುವಂಥವನ ಕಥೆ. ಕೆಮಿಸ್ಟ್ರಿಯಲ್ಲಿ 41 ತೆಗೆದುಕೊಂಡ ಹುಡುಗಿಗೆ ಇದನ್ನು ಹೇಳಿದರೆ ನಾವು ಅವಳಿಗೆ ಹೇಳಿದ್ದೇನು? ನಿನ್ನೊಳಗೆ ಇಂಥದೊಂದು ನಿಧಿ ಇದ್ದರೆ ಮಾತ್ರ ನಿನ್ನ 41ಕ್ಕೆ ಕ್ಷಮೆಯುಂಟು ಎಂದ ಹಾಗಾಯಿತು. ನಿಧಿ ಇಲ್ಲದಿದ್ದರೆ? ಆ ಪ್ರಶ್ನೆಗೆ ಕಥೆಯಲ್ಲಿ ಉತ್ತರವಿಲ್ಲ.

ಸಿನಿಮಾಗಳೂ ಅಷ್ಟೆ. 2007ರ 'ತಾರೆ ಜಮೀನ್ ಪರ್' ನೋಡಿ ಅಳದವರಾರು? ಓದಲು ಕಷ್ಟಪಡುವ ಆ ಹುಡುಗ ಕೊನೆಯಲ್ಲಿ ಚಿತ್ರಕಲೆಯ ಸ್ಪರ್ಧೆಯಲ್ಲಿ ಗೆಲ್ಲುತ್ತಾನೆ. ಗೆಲ್ಲದಿದ್ದರೆ ನಾವು ಅವನನ್ನು ಅಷ್ಟೇ ಪ್ರೀತಿಸುತ್ತಿದ್ದೆವೇ? 2009ರ 'ತ್ರೀ ಈಡಿಯಟ್ಸ್' ಅಂಕಗಳ ಹುಚ್ಚನ್ನು ಗೇಲಿ ಮಾಡುತ್ತದೆ. ಆದರೆ ಗೇಲಿ ಮಾಡುವ ನಾಯಕನೇ ತರಗತಿಗೆ ಮೊದಲಿಗ! ಮೊದಲ ಸ್ಥಾನ ತೆಗೆದುಕೊಂಡವನು ಮೊದಲ ಸ್ಥಾನ ಮುಖ್ಯವಲ್ಲ ಎಂದರೆ ನಾವು ಚಪ್ಪಾಳೆ ತಟ್ಟುತ್ತೇವೆ. ಅದೇ ಮಾತನ್ನು ಕೊನೆಯ ಬೆಂಚಿನವನು ಹೇಳಿದ್ದರೆ ಸೋಮಾರಿ ಎನ್ನುತ್ತಿದ್ದೆವು. ಅಂಕದ ವಿರುದ್ಧ ಮಾತಾಡುವ ನಮ್ಮ ಕಥೆಗಳಿಗೆಲ್ಲ ಕೊನೆಯಲ್ಲಿ ಎಲ್ಲಿಂದಾದರೂ ಒಂದು ಫಸ್ಟ್ ಪ್ರೈಜು ಬೇಕೇಬೇಕು. ಪರೀಕ್ಷೆಯಲ್ಲಿ ಬಾರದ್ದು ಕುಂಚದಲ್ಲಿ ಬರಬೇಕು, ಇಲ್ಲವೇ ಯಂತ್ರದಲ್ಲಿ ಬರಬೇಕು. ಸುಮ್ಮನೆ 58 ತೆಗೆದುಕೊಂಡು, ಸುಮ್ಮನೆ ಇನ್ನಷ್ಟು ಓದಬೇಕೆಂದು ಆಸೆಪಡುವವರಿಗೆ ಅಲ್ಲಿ ಜಾಗವಿಲ್ಲ.

ನಾರಾಯಣರ ವಿಚಾರ ಸ್ವಲ್ಪ ಬೇರೆ. 1974ರಲ್ಲಿ ಬಂದ ಅವರ ಆತ್ಮಕಥೆ 'ಮೈ ಡೇಸ್' ನನಗೆ ಬಹಳ ಮೆಚ್ಚಿನ ಪುಸ್ತಕ. ತಂದೆ ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್ಮಾಸ್ಟರು. ಮಗ ಕಾಲೇಜಿಗೆ ಸೇರುವ ಪ್ರವೇಶ ಪರೀಕ್ಷೆಯಲ್ಲೇ ಫೇಲು! ಆಮೇಲೆ ಒಂದು ವರ್ಷ ಮನೆಯಲ್ಲಿದ್ದು, ಕೈಗೆ ಸಿಕ್ಕಿದ್ದೆಲ್ಲ ಓದುತ್ತ, ಕುಕ್ಕರಹಳ್ಳಿ ಕೆರೆಯ ಕಡೆ ಅಲೆಯುತ್ತ ಕಳೆದರು. ಮುಂದೆ ಪರೀಕ್ಷೆ ದಾಟಿ ಮಹಾರಾಜಾ ಕಾಲೇಜು ಸೇರಿದರು. ಅಲ್ಲಿಯೂ ಒಂದು ವರ್ಷ ಹೆಚ್ಚಿಗೆ ಹಿಡಿದು 1930ರಲ್ಲಿ ಬಿ.ಎ. ಮುಗಿಸಿದರು. 'ಸ್ವಾಮಿ ಅಂಡ್ ಫ್ರೆಂಡ್ಸ್' ಬಂದದ್ದು ಅದಾಗಿ ಐದು ವರ್ಷಕ್ಕೆ. ಈ ಪುಸ್ತಕದ ದೊಡ್ಡ ಗುಣವೆಂದರೆ, ಫೇಲಾದೆ ಎಂದು ನಾರಾಯಣ್ ಎದೆ ಬಡಿದುಕೊಳ್ಳುವುದಿಲ್ಲ, ಫೇಲಾದದ್ದೇ ನನ್ನ ಹೆಚ್ಚುಗಾರಿಕೆ ಎಂದು ಬೀಗುವುದೂ ಇಲ್ಲ. ಮಳೆ ಬಂತು, ನೆನೆದೆ ಎನ್ನುವಂತೆ ಹೇಳಿಕೊಂಡು ಹೋಗುತ್ತಾರೆ.

ಹಿಂದೆ ಓದಿದಾಗ ನಾನು ಆ ತಿಳಿಹಾಸ್ಯಕ್ಕೆ ನಕ್ಕಿದ್ದೆ. ಈ ಸಲ ಓದುವಾಗ ನನ್ನ ಕಣ್ಣು ಹೋದದ್ದು ಆ ಒಂದು ವರ್ಷದ ಮೇಲೆ. ಫೇಲಾದ ಮಗನಿಗೆ ಆ ಮನೆ ಊಟ ಹಾಕಿತು, ಪುಸ್ತಕ ಒದಗಿಸಿತು, ಕೆರೆ ದಂಡೆಯಲ್ಲಿ ಅಲೆಯಲು ಬಿಟ್ಟಿತು, ಮತ್ತೆ ಪರೀಕ್ಷೆ ಬರೆಯುವವರೆಗೂ ಕಾಯಿತು. ರಾಮಾನುಜನ್ ಕಥೆಯಲ್ಲೂ ಇದೇ ಇದೆ, ನಾವು ಗಮನಿಸುವುದಿಲ್ಲ. ಪರೀಕ್ಷೆಗಳು ಕೈಕೊಟ್ಟ ಮೇಲೆ ಆ ಬಡಮನೆ ಅವರನ್ನು ವರ್ಷಗಟ್ಟಲೆ ಸಾಕಿತು. 1909ರಲ್ಲಿ ಅವರಿಗೆ ಮದುವೆಯಾಯಿತು. ಹೆಂಡತಿ ಜಾನಕಿ ಆಗ ಹತ್ತು ವರ್ಷದ ಹುಡುಗಿ. ಗಂಡ ಇಂಗ್ಲೆಂಡಿನಲ್ಲಿದ್ದ ಐದು ವರ್ಷ ಅವರು ಇಲ್ಲಿಯೇ ಕಾದರು. 1920ರಲ್ಲಿ ವಿಧವೆಯಾದ ಮೇಲೆ ಹೊಲಿಗೆ ಕಲಿತು ಅದರಿಂದ ಜೀವನ ನಡೆಸಿದರು. ತೀರಿಕೊಂಡದ್ದು 1994ರಲ್ಲಿ. ಓದಬೇಕೆಂಬ ಆಸೆ ಅವರಿಗಿತ್ತೋ ಇಲ್ಲವೋ, ಆ ಕಾಲದಲ್ಲಿ ಕೇಳಿದವರಾರು? ನಾರಾಯಣರ 1937ರ ಕಾದಂಬರಿ 'ದಿ ಬ್ಯಾಚುಲರ್ ಆಫ್ ಆರ್ಟ್ಸ್'ನಲ್ಲಿಯೂ ಹಾಗೆಯೇ. ಚಂದ್ರನ್ ಬಿ.ಎ. ಮುಗಿಸಿ, ಪ್ರೇಮಿಸಿ, ಜಾತಕ ಕೂಡದೆ, ಸನ್ಯಾಸಿಯಾಗಿ ಊರೂರು ಅಲೆದು ಹಿಂತಿರುಗಿದರೂ ಮನೆಯ ಬಾಗಿಲು ತೆರೆದೇ ಇರುತ್ತದೆ. ಅವನು ಪ್ರೇಮಿಸಿದ ಮಾಲತಿ ಅಷ್ಟರಲ್ಲಿ ಬೇರೆಯವರ ಮನೆ ಸೇರಿರುತ್ತಾಳೆ. ಅವಳಿಗೇನು ಬೇಕಿತ್ತೆಂದು ಕಾದಂಬರಿ ಒಂದು ಮಾತೂ ಹೇಳುವುದಿಲ್ಲ.

ಅಂದರೆ ಈ ಎಲ್ಲ ಸಮಾಧಾನದ ಕಥೆಗಳ ಒಳಗೆ ಎರಡು ಸಂಗತಿ ಅಡಗಿವೆ. ಒಂದು, ಕೊನೆಯಲ್ಲಿ ಬರುವ ಫಸ್ಟ್ ಪ್ರೈಜು. ಅದು ಕಣ್ಣಿಗೆ ಹೊಡೆಯುತ್ತದೆ. ಇನ್ನೊಂದು, ಕಾಯುವ ಮನೆ. ಅದು ಕಾಣುವುದಿಲ್ಲ. ಮಕ್ಕಳಿಗೆ ನಾವು ಮೊದಲನೆಯದನ್ನು ಹೇಳುತ್ತ ಬಂದಿದ್ದೇವೆ. ಅದು ಲಕ್ಷದಲ್ಲೊಬ್ಬರಿಗೆ. ಎರಡನೆಯದನ್ನು ಎಲ್ಲರಿಗೂ ಕೊಡಬಹುದಾಗಿತ್ತು, ಅದರ ಮಾತನ್ನೇ ಎತ್ತಿಲ್ಲ.

ಅಂಕ ಇದ್ದವರಿಗಾದರೂ ಬಾಗಿಲು ತಾನಾಗಿ ತೆರೆಯುತ್ತದೆಯೇ ಎಂದರೆ ಅದೂ ಇಲ್ಲ. ಕಮಲಾ ಸೊಹೋನಿಯವರ ಕಥೆ ನಿಮಗೆ ಗೊತ್ತಿರಬಹುದು. ಆಗ ಅವರು ಕಮಲಾ ಭಾಗವತ್. 1933ರಲ್ಲಿ ಬೊಂಬಾಯಿಯಲ್ಲಿ ಬಿ.ಎಸ್ಸಿ.ಯನ್ನು ಮೊದಲ ಸ್ಥಾನದಲ್ಲಿ ಮುಗಿಸಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದರು. ನಿರ್ದೇಶಕರಾಗಿದ್ದ ಸಿ.ವಿ. ರಾಮನ್, ಹೆಣ್ಣುಮಗಳೆಂಬ ಕಾರಣಕ್ಕೆ ಬೇಡವೆಂದರು. ಆಕೆ ಗಾಂಧೀಜಿಯ ದಾರಿ ಹಿಡಿದು ಹಠ ಮಾಡಿದರು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಒಳಗೆ ಬಿಟ್ಟರು. ಕೆಲಸ ತೃಪ್ತಿಕರವಾದರೆ ಮಾತ್ರ ಮುಂದಿನ ಮಾತು. ಅವರು 1936ರಲ್ಲಿ ಎಂ.ಎಸ್ಸಿ. ಮುಗಿಸಿದರು, 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಅವರ ಬೆನ್ನಿಗೂ ಒಂದು ಮನೆಯಿತ್ತು. ಅವರ ತಂದೆಯೇ ಅದೇ ಸಂಸ್ಥೆಯಲ್ಲಿ ರಸಾಯನಶಾಸ್ತ್ರ ಓದಿದವರು. ಮೊದಲ ಸ್ಥಾನ ಬಂದ ಹೆಣ್ಣುಮಗಳಿಗೇ ಪರೀಕ್ಷಾರ್ಥ ಒಂದು ವರ್ಷವೆಂದಾದರೆ, ಸೆಕೆಂಡ್ ಕ್ಲಾಸಿನವಳ ಪಾಡೇನು?

ಆ ಪಾಡು ನನಗೆ ಗೊತ್ತು. 1979ರಲ್ಲಿ ನನ್ನ ಪಿ.ಯು.ಸಿ. ಆಯಿತು, ಸೆಕೆಂಡ್ ಕ್ಲಾಸು. ಮೈಸೂರಿಗೆ ಹೋಗಿ ಬಿ.ಎ. ಓದಬೇಕು, ಆಮೇಲೆ ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಮಾಡಬೇಕೆಂದು ಆಸೆಯಿತ್ತು. "ಈ ಮಾರ್ಕ್ಸಿಗೆ ಮೈಸೂರು ಬೇರೆ ಕೇಡು" ಎಂದರು ಅಪ್ಪಯ್ಯ. ಅದೇ ವರ್ಷ ನನ್ನ ಅಣ್ಣ ಎರಡನೇ ಸಲ ಫೇಲಾಗಿದ್ದ. ಅವನನ್ನು ಹಾಸನದಲ್ಲಿ ರೂಮು ಮಾಡಿ ಟ್ಯೂಷನ್ನಿಗೆ ಬಿಟ್ಟರು. ಅಪ್ಪಯ್ಯ ಕೆಟ್ಟವರಲ್ಲ, ನಮ್ಮನ್ನು ಒಂದು ದಿನ ಗದರಿದವರಲ್ಲ. ಗಂಡುಹುಡುಗ ಫೇಲಾದರೆ ಅವನಿಗೆ ಇನ್ನೊಂದು ವರ್ಷ ಬೇಕು, ಹೆಣ್ಣುಹುಡುಗಿಗೆ ಕಡಿಮೆ ಬಂದರೆ ಅವಳಿಗೆ ಅಷ್ಟು ಸಾಕು ಎಂದು ಅವರು ನಿಜವಾಗಿಯೂ ನಂಬಿದ್ದರು. ಅಮ್ಮನೂ ನಂಬಿದ್ದಳು. ನಾನೂ ನಂಬಿದೆ ಎಂದು ಕಾಣುತ್ತದೆ, ಏಕೆಂದರೆ ಒಂದು ಮಾತೂ ಎದುರಾಡಲಿಲ್ಲ.

ಎರಡು ದಿನ ಬಿಟ್ಟು ಹುಡುಗಿ ಬಂದಳು. ರಾಮಾನುಜನ್, ನಾರಾಯಣ್, ಸಿನಿಮಾ ಮೂರನ್ನೂ ಹೊಡೆದುಹಾಕಿದ್ದ ಹಾಳೆ ನೋಡಿ ಅವಳ ಮುಖ ಸಣ್ಣಗಾಯಿತು. "ಇನ್ನೇನ್ ಬರೀಲಿ ಆಂಟಿ? ನನ್ ಹತ್ರ ಬೇರೇನೂ ಇಲ್ವಲ್ಲ" ಎಂದಳು. ಹಾಗಾದರೆ 58 ಹೇಗೆ ಬಂತು, ಅದನ್ನೇ ಹೇಳು ಎಂದೆ.

ಹೇಳಿದಳು. ಅವರದು ಬಾಳ್ಳುಪೇಟೆಯಿಂದ ಒಳಗೆ ಎರಡೆಕರೆ ರೊಬಸ್ಟಾ ತೋಟ, ನಡುವೆ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಒಂದಿಷ್ಟು ಗದ್ದೆ. ಕಾಲೇಜು ಸಕಲೇಶಪುರದಲ್ಲಿ. ಜುಲೈ, ಆಗಸ್ಟಿನಲ್ಲಿ ಮಳೆಗೆ ರಜೆಯ ಮೇಲೆ ರಜೆ, ಕರೆಂಟು ಹೋದರೆ ಮೂರು ದಿನಕ್ಕೆ ಬಂದರೆ ಪುಣ್ಯ. ಮಳೆ ನಿಂತ ಮೇಲೆ ಆನೆ. ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆ ತಿರುಗುವುದು ನಮಗೀಗ ಹೊಸತಲ್ಲ. ಸಂಜೆಯ ಟ್ಯೂಷನ್ ಮುಗಿಸಿ ತೋಟದ ದಾರಿಯಲ್ಲಿ ಹುಡುಗಿಯೊಬ್ಬಳು ನಡೆದುಬರುವ ಹಾಗಿಲ್ಲ, ಹಾಗಾಗಿ ಟ್ಯೂಷನ್ ಇಲ್ಲ. ಜನವರಿಯಿಂದ ರೊಬಸ್ಟಾ ಹಣ್ಣು ಕೊಯ್ಲು. ಆಳು ಸಿಗುವುದಿಲ್ಲ, ಅಪ್ಪ ಅಮ್ಮ ಇಬ್ಬರೂ ಕೊಯ್ಲಿಗೆ ನಿಂತರೆ ಅಡಿಗೆ, ಹಸು, ಕಣದಲ್ಲಿ ಹರಡಿದ ಕಾಫಿ ಎಲ್ಲ ಇವಳ ಪಾಲು. ಕೊಯ್ಲು ಮುಗಿಯುತ್ತಲೇ ಹೂವಿಗೆ ನೀರು ಹಾರಿಸುವ ಸ್ಪ್ರಿಂಕ್ಲರ್ ಕೆಲಸ. ಅಷ್ಟು ಹೊತ್ತಿಗೆ ಪಿ.ಯು.ಸಿ. ಪರೀಕ್ಷೆ ಬಂದೇಬಿಡುತ್ತದೆ. ಪರೀಕ್ಷೆಯ ವೇಳಾಪಟ್ಟಿ ಮಾಡುವವರಿಗೆ ಕಾಫಿ ಗಿಡದ ವೇಳಾಪಟ್ಟಿ ಗೊತ್ತಿರಬೇಕೆಂದು ನಾನು ಹೇಳುವುದಿಲ್ಲ. ಅಂಕಪಟ್ಟಿಯೆನ್ನುವುದು ಎಲ್ಲಿಗೆ ತಲುಪಿದಳೆಂದು ಹೇಳುತ್ತದೆ, ಎಲ್ಲಿಂದ ಹೊರಟಳೆಂದು ಹೇಳುವುದಿಲ್ಲ. ಅದನ್ನು ಅವಳೇ ಹೇಳಬೇಕು.

ಮಾತಿನ ನಡುವೆ ಬೋರ್ಡೋ ದ್ರಾವಣದ ವಿಷಯ ಬಂತು. ಮಳೆಗಾಲಕ್ಕೆ ಮುಂಚೆ ಮೆಣಸಿನ ಬಳ್ಳಿಗೆ ಹೊಡೆಯುವುದು. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕೇ ಹೊರತು ಸುಣ್ಣವನ್ನು ತುತ್ತಕ್ಕಲ್ಲ. ಆಮೇಲೆ ಕತ್ತಿಯ ತುದಿಯನ್ನು ಅದ್ದಿ ನೋಡಬೇಕು. ಕತ್ತಿ ಕೆಂಪಗಾದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಇದನ್ನೆಲ್ಲ ಪ್ರತಿವರ್ಷ ಕದಡುವವಳು ಅವಳೇ. "ಕತ್ತಿ ಯಾಕೆ ಕೆಂಪಾಗ್ತದೆ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಕೆಮಿಸ್ಟ್ರೀಲಿ ಇದೆ ಆಂಟಿ. ಕಬ್ಬಿಣ ತಾಮ್ರಾನ ಹೊರಗೆ ತಳ್ತದೆ, ಅದು ಕತ್ತಿ ಮೇಲೆ ಕೂರ್ತದೆ. ಅದು ಇದೇ ಅಂತ ನಂಗೆ ಈಗ ಗೊತ್ತಾಯ್ತು" ಎಂದಳು.

ಇಲ್ಲಿ ನಾನೇ ಎಡವುವ ಹಾಗಿದ್ದೆ. ನೋಡಿ, ಇವಳೊಳಗೂ ಒಬ್ಬ ರಾಮಾನುಜನ್ ಇದ್ದಾನೆ ಎಂದುಬಿಡುವುದು ಎಷ್ಟು ಸುಲಭ! ಇಲ್ಲ. ಈ ಸೀಮೆಯ ತೋಟದ ಮನೆಗಳಲ್ಲಿ ಕತ್ತಿ ಅದ್ದಿ ನೋಡಲು ಬಲ್ಲ ಹುಡುಗಿಯರು ಬೇಕಾದಷ್ಟಿದ್ದಾರೆ. ಇದು ಪ್ರತಿಭೆಯಲ್ಲ, ಕೈಗೆ ಬಂದ ಕೆಲಸ. ಆದರೆ ಕೈಗೆ ಬಂದ ಕೆಲಸವೂ ಪುಸ್ತಕದ ಪಾಠವೂ ಒಂದೇ ಎಂದು ತಿಳಿದ ಕೂಡಲೇ ಅವಳ ಮುಖದಲ್ಲಿ ಬಂದ ಬೆಳಕಿತ್ತಲ್ಲ, ವಿಶ್ವವಿದ್ಯಾಲಯಕ್ಕೆ ಹೋಗಲು ಅಷ್ಟು ಕಾರಣ ಸಾಕು. ಎರಡನೆಯ ಸಲ ಬರೆದ ಪುಟದಲ್ಲಿ ಅವಳು ಇದನ್ನೇ ಬರೆದಳು. ಕೆಮಿಸ್ಟ್ರಿಯಲ್ಲಿ 41 ಬಂದಿದೆ, ಕತ್ತಿಯ ಪ್ರಶ್ನೆ ಪರೀಕ್ಷೆಯಲ್ಲಿ ಕೇಳಿರಲಿಲ್ಲ, ಕೇಳಿದ್ದರೂ ಆಗ ಉತ್ತರ ಬರುತ್ತಿರಲಿಲ್ಲ, ಇಂಥವು ಇನ್ನೆಷ್ಟು ನನ್ನ ಕೈಗೆ ಗೊತ್ತಿದ್ದು ತಲೆಗೆ ಗೊತ್ತಿಲ್ಲವೋ ತಿಳಿಯಬೇಕಾಗಿದೆ ಎಂದು. ಮೊದಲ ಪುಟದಷ್ಟು ಅಲಂಕಾರ ಇದಕ್ಕಿಲ್ಲ. ಆದರೆ ಇದನ್ನು ಬೇರೆ ಯಾರೂ ಬರೆಯಲಾರರು. ಬರವಣಿಗೆಗೆ ಇದಕ್ಕಿಂತ ದೊಡ್ಡ ಪರೀಕ್ಷೆ ನನಗೆ ತಿಳಿಯದು.

ಅವಳು ಇನ್ನೊಂದು ಬಾಗಿಲನ್ನೂ ತಟ್ಟಿದ್ದಾಳೆ. 1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಕೃಷಿ. ನಮ್ಮ ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ರೈತರ ಮಕ್ಕಳಿಗೆಂದು ಸೀಟುಗಳ ಒಂದು ದೊಡ್ಡ ಪಾಲು ಮೀಸಲಿದೆ. ಅದಕ್ಕೆ ಪಿ.ಯು.ಸಿ., ಸಿ.ಇ.ಟಿ. ಅಂಕಗಳ ಜೊತೆಗೆ ಒಂದು ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಗೊಬ್ಬರ, ಬೆಳೆ, ಸಲಕರಣೆಗಳನ್ನು ಮುಂದಿಟ್ಟು ಗುರುತಿಸು ಎನ್ನುತ್ತಾರೆ. ಸಿ.ಇ.ಟಿ.ಯಲ್ಲಿ ಹಳ್ಳಿಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲಾತಿಯಿರುವುದು ಎಲ್ಲರಿಗೂ ಗೊತ್ತು. ಆದರೆ ನೀನು ಏನು ಮಾಡಿ ಬಲ್ಲೆ ಎಂದು ಕೇಳುವ ಈ ಪರೀಕ್ಷೆಯ ವಿಷಯ ನಮ್ಮ ತಾಯಂದಿರಲ್ಲಿ ಎಷ್ಟೋ ಮಂದಿಗೆ ತಿಳಿದಿಲ್ಲ. ಇದು ದಯೆಯ ಸೀಟಲ್ಲ. ಅಂಕಪಟ್ಟಿ ಕೇಳದೆ ಬಿಟ್ಟದ್ದನ್ನು ಇದು ಕೇಳುತ್ತದೆ, ಅಷ್ಟೆ. ಅದಕ್ಕೆ ಬೇಕಾದ ಪತ್ರಗಳಿಗಾಗಿ ತಾಲ್ಲೂಕು ಕಚೇರಿಗೆ ನಾಲ್ಕು ಸಲ ಅಲೆದವಳು ಅವಳ ತಾಯಿ, ಹಾಲಿನ ಕ್ಯಾನು ನಮ್ಮ ಜಗಲಿಯ ಮೇಲಿಟ್ಟು.

ಇಷ್ಟೆಲ್ಲ ಆದರೂ ಸೀಟು ಸಿಗದೆ ಹೋಗಬಹುದು. ಅದನ್ನು ಅವಳಿಂದ ನಾನು ಮುಚ್ಚಿಟ್ಟಿಲ್ಲ. 2024ರಲ್ಲಿ ನಮ್ಮ ಸರ್ಕಾರ ಪಿ.ಯು.ಸಿ.ಗೆ ಒಂದೇ ವರ್ಷದಲ್ಲಿ ಪರೀಕ್ಷೆ ಒಂದು, ಎರಡು, ಮೂರು ಎಂದು ತಂದಿತು. ಕಡಿಮೆ ಬಂದವರು ಮತ್ತೆ ಬರೆದು ಅಂಕ ಹೆಚ್ಚಿಸಿಕೊಳ್ಳಬಹುದೆಂದಿತು. ಒಳ್ಳೆಯದೇ ಆಯಿತು. ಆದರೆ ಸರ್ಕಾರ ಕೊಡುವುದು ಪರೀಕ್ಷೆಯನ್ನು, ಓದಲು ಬಿಡುವು ಕೊಡಬೇಕಾದ್ದು ಮನೆ. ಅಡಿಗೆ, ಹಸು, ಕಣ ಮೂರೂ ಅವಳ ತಲೆಯ ಮೇಲಿರುವಾಗ ಎರಡನೆಯ ಪರೀಕ್ಷೆಯೂ ಮೊದಲನೆಯದರ ಹಾಗೆಯೇ ಆಗುತ್ತದೆ.

ಮೊನ್ನೆ ಅವಳ ಅಪ್ಪ ಹಾಲಿನ ಲೆಕ್ಕಕ್ಕೆಂದು ಬಂದಿದ್ದರು. ಸೀಟು ಸಿಗದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದೆ. "ಇನ್ನೇನಕ್ಕ, ಒಂದ್ ಕಡೆಯಿಂದ ಕೇಳ್ತಾ ಅವ್ರೆ. ಹುಡ್ಗ ಬೆಂಗ್ಳೂರಲ್ಲವ್ನೆ" ಎಂದರು. ಮನಸ್ಸು ಗಟ್ಟಿ ಮಾಡಿಕೊಂಡು ಹೇಳಿದೆ: ಅವಳಿಗೆ ಒಂದು ವರ್ಷ ಕೊಡಿ. ಸುಮ್ಮನೆ ಕೊಡಿ. ಮುಂದೆ ಅವಳು ದೊಡ್ಡ ವಿಜ್ಞಾನಿಯಾಗುತ್ತಾಳೆಂದು ನಾನು ಹೇಳುತ್ತಿಲ್ಲ, ಅದಕ್ಕಾಗಿ ಬೇಡ. ಗಂಡುಮಗನಾಗಿದ್ದರೆ ಕೊಡುತ್ತಿದ್ದಿರಲ್ಲ, ಅಷ್ಟಕ್ಕಾಗಿ ಕೊಡಿ. ಅವರು ತಲೆ ಕೆರೆದುಕೊಂಡು, "ನೋಡಣ ಕಣಕ್ಕ" ಎಂದರು. ನನ್ನ ಅಪ್ಪಯ್ಯ ಅಷ್ಟೂ ಅಂದಿರಲಿಲ್ಲ.

ಇದನ್ನು ಬರೆದು ಮುಗಿಸುವ ಹೊತ್ತಿಗೆ ಎರಡು ಕಡೆಯಿಂದಲೂ ಉತ್ತರ ಬಂದಿಲ್ಲ. ದಿನಾ ಬೆಳಿಗ್ಗೆ ಹಾಲು ತಂದಾಗ ಅವಳ ತಾಯಿ, "ಸಿಕ್ತದಾ ಅಕ್ಕ?" ಎಂದು ಕೇಳುತ್ತಾಳೆ. ನಾನು ಗೊತ್ತಿಲ್ಲ ಎನ್ನುತ್ತೇನೆ. ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಒಬ್ಬಳು ಸೆಕೆಂಡ್ ಕ್ಲಾಸಿನವಳು ಇರಬಹುದು. ಅವಳಿಗೆ ರಾಮಾನುಜನ್ ಕಥೆ ಹೇಳುವ ಮುಂಚೆ, ಅವಳು ಓದಲು ಕೂತಿರುವಾಗ ಒಲೆಯ ಮೇಲಿನ ಹಾಲನ್ನು ನೋಡಿಕೊಳ್ಳಲು ಬೇರೆ ಯಾರನ್ನಾದರೂ ಕರೆಯಿರಿ.